ಎಜ್ರಾ ಮಾಸ್ತರನ ಹಾಡಿಗೆ ಓ ಅಂದವರು

ಎಜ್ರಾ ಜಿರಾಡಕರನ ಸಂಗೀತ ಕೇಳದವರು ಸೇಡಂನಿಂದ ಶಹಾಬಾದದವರೆಗೆ ಯಾರೂ ಇರಲಿಕ್ಕಿಲ್ಲ. ಅದು ಅವನದೆಂದು ಗೊತ್ತಿದ್ದವರೂ ಇರಲಿಕ್ಕಿಲ್ಲ. ಸೇಡಂನ ಸೀರೆ ಅಂಗಡಿಯ ಆಟೊ, ವಾಡಿಯ ಟ್ಯೂಶನ್ ಕ್ಲಾಸಿನ ಆಟೊ, ಚಿಂಚೋಳಿ ಕಡೆ ತೊಗರಿ ಬೀಜ ಮಾರುವವರ ಆಟೊ, ಇವೆಲ್ಲ ಮೈಕು ಕಟ್ಟಿಕೊಂಡು ಊರೂರು ತಿರುಗುವಾಗ ಒದರುವ ಹಾಡುಗಳಿಗೆ ರಾಗ ಕೂಡಿಸಿದವನು ಅವನೇ. ತಾನೊಬ್ಬ ಸಂಗೀತ ಸಂಯೋಜಕ ಎಂದು ಹೇಳಿಕೊಳ್ಳುವಾಗ ಅವನಿಗೇ ನಗು ಬರುತ್ತಿತ್ತು. ಮೂವತ್ತು ದಾಟಿತ್ತು, ಕೀರ್ತಿ ಇನ್ನೂ ಮೂರು ಗಾಲಿಯ ಮೇಲೆಯೇ ತಿರುಗುತ್ತಿತ್ತು.

ಹೊಟ್ಟೆಗೆ ದಾರಿಯಾದದ್ದು ಶಹಾಬಾದದ ಒಂದು ಖಾಸಗಿ ಶಾಲೆ. ಅಲ್ಲಿ ಅವನು ಸಂಗೀತದ ಮಾಸ್ತರ. ಡ್ರಿಲ್ ಮಾಸ್ತರ ರಜೆ ಹಾಕಿದ ದಿನ ಡ್ರಿಲ್ ಮಾಸ್ತರ. ಶಾಲೆಯ ವ್ಯಾನು ಕೆಟ್ಟು ನಿಂತ ದಿನ ಅದನ್ನು ದೂಡುವವರಲ್ಲಿ ಮೊದಲಿಗ. ಎರಡನೆಯ ತರಗತಿಯ ಮಕ್ಕಳಿಗೆ ಮಗ್ಗಿ ಬಾಯಿಗೆ ಹತ್ತುತ್ತಿಲ್ಲವೆಂದು ಹೆಡ್‌ಮಿಸ್ಸು ಜಯಮಾಲಾ ಗೋಳಾಡಿದಾಗ, ಅವನು ತಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ದೀಪ ಹಚ್ಚಿ ಹಾಡುತ್ತಿದ್ದ ಒಂದು ಧಾಟಿಗೆ ಏಳರ ಮಗ್ಗಿಯನ್ನು ಕೂಡಿಸಿಕೊಟ್ಟ. ಒಂದೇ ವಾರದಲ್ಲಿ ಮಕ್ಕಳು ಅದನ್ನು ನೀರು ಕುಡಿದಂತೆ ಒಪ್ಪಿಸಿದರು. ಯಹೂದಿಗಳ ಸಂಗೀತವನ್ನು ಈ ಭಾಗದಲ್ಲಿ ಕಲಿಸಿದ ಏಕೈಕ ಗುರು ತಾನೆಂದು ಅವನು ಕನ್ನಡಿಯ ಮುಂದೆ ಗಂಭೀರವಾಗಿ ಹೇಳಿ ನೋಡಿದ. ಕನ್ನಡಿಯಲ್ಲಿದ್ದವನು ನಂಬಲಿಲ್ಲ.

ಅವನು ಹುಟ್ಟಿದ್ದು ಠಾಣೆಯಲ್ಲಿ. ಏಳು ವರ್ಷದ ಹಿಂದೆ ಒಂದು ಮರಾಠಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸುತ್ತ ಚಿತ್ತಾಪುರಕ್ಕೆ ಬಂದಿದ್ದ. ಕಾರ್ಯಕ್ರಮ ಮುಗಿಸಿ ತಂಡದವರು ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ ಗಾಡಿ ಹತ್ತಿದರು. ಎಜ್ರಾ ಚಹಾ ಕುಡಿಯಲೆಂದು ಇಳಿದ. ಗಾಡಿ ಹೊರಟಿತು, ಕೀಬೋರ್ಡೂ ಅದರೊಂದಿಗೆ ಹೊರಟಿತು. ಮುಂದಿನ ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕುಳಿತಿದ್ದಾಗ, ಹಿಂದಿನ ದಿನ ಕಾರ್ಯಕ್ರಮ ನೋಡಿದ್ದ ಶಾಲೆಯ ಚೇರ್ಮನ್ ಸಿದ್ದಣ್ಣ ಗುರುತು ಹಿಡಿದು ಹತ್ತಿರ ಬಂದರು. “ನಮ್ಮ ಸಾಲ್ಯಾಗ ಹಾಡು ಕಲಸೋರು ಬೇಕಾಗ್ಯಾರ. ಬರ್ತೀರೇನ್ರಿ?” ಎಂದರು. ಬಾಳಿನ ದೊಡ್ಡ ತೀರ್ಮಾನಗಳನ್ನು ಬೇರೆಯವರು ಎಲ್ಲಿ ಕುಳಿತು ಮಾಡುತ್ತಾರೋ, ಇವನದು ಆರಿಹೋದ ಅರ್ಧ ಕಪ್ಪು ಚಹಾದ ಮುಂದೆ ಆಯಿತು.

ಬಾಡಿಗೆಗೆ ಸಿಕ್ಕಿದ್ದು ಸೈದಾನಬಿಯ ಮನೆಯ ಹಿಂದಿನ ಎರಡು ಖೋಲಿ. ನೆಲಕ್ಕೆ, ಅಟ್ಟಕ್ಕೆ, ಬಚ್ಚಲಿಗೆ, ಕುಳಿತುಕೊಳ್ಳುವ ಕಟ್ಟೆಗೆ ಎಲ್ಲಕ್ಕೂ ಊರಿನ ಗಣಿಯದೇ ಪರಸಿಕಲ್ಲಿನ ಚಪ್ಪಡಿ. ಮುದುಕಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆ ಮಾಡಿದಳು.

“ಎಜ್ರಾ ಅಂದ್ರ ನಮ್ಮ ಮಂದೀನಾ?”

“ಅಲ್ರಿ.”

“ಹಂಗಾರ ಕ್ರಿಶ್ಚನ್ರು.”

“ಅಲ್ರಿ. ಯಹೂದಿ.”

“ಅದೆಲ್ಲಿ ಬರ್ತದ? ಆಳಂದ ಕಡಿಗೇನು?”

ಅವನು ಆಗ ತಾನೇ ಕಲಿತ ಅರೆಬರೆ ಕನ್ನಡದಲ್ಲಿ ಮೊದಲಿನಿಂದ ಹೇಳಿದ. ಎಷ್ಟೋ ನೂರು ವರ್ಷದ ಹಿಂದೆ ಹಡಗು ಒಡೆದು ಕೊಂಕಣದ ದಂಡೆಗೆ ಬಂದು ಬಿದ್ದ ಜನ, ಅಲ್ಲೇ ಎಣ್ಣೆಯ ಗಾಣ ಹಾಕಿಕೊಂಡು ಮರಾಠಿ ಕಲಿತು ಮರಾಠಿಯವರೇ ಆದರು. ಶನಿವಾರ ಮಾತ್ರ ಗಾಣಕ್ಕೆ ಎತ್ತು ಕಟ್ಟುತ್ತಿರಲಿಲ್ಲ. ಅದಕ್ಕೆ ಸುತ್ತಲಿನವರು ಅವರನ್ನು ಶನಿವಾರದ ತೇಲಿಗಳು ಎಂದು ಕರೆಯುತ್ತಿದ್ದರು.

ಸೈದಾನಬಿ ಹಣೆ ಚಚ್ಚಿಕೊಂಡಳು. “ಅಯ್ಯ, ಗಾಣಿಗೇರು ಅನ್ರಿ ಮತ್ತ! ಅಷ್ಟು ಹೇಳ್ಲಿಕ್ಕ ಸಮುದ್ರ ಯಾಕ ದಾಟಿದ್ರಿ?”

ಅಂದಿನಿಂದ ಓಣಿಯಲ್ಲಿ ಅವನು ಗಾಣಿಗೇರ ಮಾಸ್ತರ. ಅವನು ತಿದ್ದಲು ಹೋಗಲಿಲ್ಲ. ತಿದ್ದಿದರೆ ಮತ್ತೆ ಹಡಗಿನಿಂದ ಶುರು ಮಾಡಬೇಕಾಗುತ್ತಿತ್ತು. ಆದರೆ ಶುಕ್ರವಾರ ಸಂಜೆ, ಕಲ್ಲು ಕೊಯ್ಯುವ ಮಶೀನುಗಳು ನಿಂತು ಊರು ಒಮ್ಮೆಲೆ ಸುಮ್ಮನಾದಾಗ, ಅವನು ದೀಪ ಹಚ್ಚಿ ಎರಡು ಸಾಲು ಹಾಡಿಕೊಂಡು ನಿಲ್ಲಿಸಿಬಿಡುತ್ತಿದ್ದ. ಮೂರನೆಯ ಸಾಲು ಇನ್ನೊಬ್ಬರದು. ಅವನ ಮಂದಿಯ ಹಾಡುಗಳೇ ಹಾಗೆ, ಒಬ್ಬ ಎತ್ತಬೇಕು, ಇನ್ನೊಬ್ಬ ಓ ಅನ್ನಬೇಕು. ಒಬ್ಬನೇ ಎರಡೂ ಹಾಡಿದರೆ ತನ್ನ ಮನೆಯ ಕದ ತಾನೇ ಬಡಿದು ತಾನೇ “ಯಾರದು?” ಎಂದು ಕೇಳಿದ ಹಾಗೆ ಅನ್ನಿಸುತ್ತಿತ್ತು.

ಠಾಣೆಯ ಮನೆಯಲ್ಲಿ ಓ ಅನ್ನುತ್ತಿದ್ದವನು ಅಪ್ಪ ಹಸ್ಕೇಲಜಿ. ಟೆಲಿಫೋನ್ ಖಾತೆಯಲ್ಲಿ ಲೈನ್‌ಮನ್. ಹಗಲೆಲ್ಲ ಕಂಬದ ಮೇಲೆ, ಸಂಜೆ ಹಾರ್ಮೋನಿಯಂ ಮುಂದೆ. ಯಹೂದಿ ಪುರಾಣಗಳನ್ನು ಮರಾಠಿ ಕೀರ್ತನೆಯ ಧಾಟಿಯಲ್ಲಿ ಹೇಳುವ ಪದ್ಧತಿ ಅವರಲ್ಲಿ ಮೊದಲಿನಿಂದಲೂ ಉಂಟು. ಹಸ್ಕೇಲಜಿ ಅಂಥ ಕೀರ್ತನೆಗಳನ್ನು ಹೇಳುತ್ತಿದ್ದ, ಸ್ವಂತ ಹಾಡುಗಳನ್ನೂ ಕಟ್ಟುತ್ತಿದ್ದ. ಹರಕೆಯಿರಲಿ, ಹಿರಿಯರ ನೆನಪಿನ ದಿನವಿರಲಿ, ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಮನೆಯಲ್ಲಿ ಮಲೀದಾದ ತಾಟು ಇಡುತ್ತಿದ್ದರು. ತೋಯಿಸಿದ ಅವಲಕ್ಕಿಗೆ ಸಕ್ಕರೆ, ಹಸಿ ಕೊಬ್ಬರಿ, ಯಾಲಕ್ಕಿ, ಸುತ್ತ ಹಣ್ಣು. ಆಗ ಹಾಡಲೆಂದೇ ಹಸ್ಕೇಲಜಿ ಮರಾಠಿಯಲ್ಲಿ ಒಂದು ಹಾಡು ಮಾಡಿದ್ದ. ಅದರಲ್ಲಿ ಇದ್ದದ್ದು ಎರಡೇ ದನಿ. ಮನೆಯ ಮಗು ಕೇಳಬೇಕು:

“ಎಲ್ಲಿಗಂಟ ಬಂದೀ, ಎಲಿಯಾಹು?”

ಮನೆಯ ಹಿರಿಯ ಪ್ರವಾದಿಯ ಪರವಾಗಿ ಜವಾಬು ಕೊಡಬೇಕು:

“ಬಾಗಿಲಿಗಂಟ ಬಂದೀನಿ, ದೀಪ ತೋರಿಸು.”

ಪ್ರತಿ ಸುತ್ತಿಗೂ ರಾಗ ಒಂದು ಮೆಟ್ಟಿಲು ಏರುತ್ತಿತ್ತು. ಎಜ್ರಾ ಕೇಳುವವನು, ಅಪ್ಪ ಹೇಳುವವನು. ಮೀಸೆ ಬಂದ ಮೇಲೂ ಕೇಳುವ ಸಾಲೇ ಅವನದು. ಅಪ್ಪನ ಸಾಲಿಗೆ ಬಾಯಿ ಹಾಕಿದರೆ ಹಾರ್ಮೋನಿಯಂ ನಿಲ್ಲುತ್ತಿತ್ತು. “ನಾ ಇನ್ನೂ ಅದೀನಲ್ಲ,” ಎನ್ನುತ್ತಿದ್ದ ಅಪ್ಪ.

ಮಗ ವಾಡಿಯಲ್ಲಿ ಗಾಡಿ ತಪ್ಪಿಸಿಕೊಂಡ ಮೇಲೆ ಮನೆಯವರು ಇನ್ನೂ ದೊಡ್ಡ ಗಾಡಿ ಹತ್ತಿದರು. ತಮ್ಮ ಯೋಯೆಲ್ ಇಸ್ರೇಲಿನ ಅಶ್ದೋದ್ ಎಂಬ ಬಂದರಿನೂರಿನಲ್ಲಿ ಗೋದಾಮಿನ ಕೆಲಸ ಹಿಡಿದು ಅಪ್ಪ, ಅವ್ವ ಇಬ್ಬರನ್ನೂ ಕರೆಸಿಕೊಂಡ. ಎಜ್ರಾನಿಗೂ ಕರೆ ಬಂತು. ಅವನು ಏನೇನೋ ಕಾರಣ ಹೇಳಿದ: ಪರೀಕ್ಷೆ ಬಂತು, ಶಾಲೆಯ ಗ್ಯಾದರಿಂಗ್ ಬಂತು, ಮಕ್ಕಳಿಗೆ ಹದಿಮೂರರ ಮಗ್ಗಿ ಇನ್ನೂ ಕೂಡಿಲ್ಲ. ನಿಜವಾದ ಕಾರಣ ಇಷ್ಟೇ: ಅಲ್ಲಿ ಅವನು ಗೋದಾಮಿನ ಇನ್ನೊಬ್ಬ ಹಮಾಲ, ಇಲ್ಲಿ ಸಂಬಳ ಎಷ್ಟೇ ಇರಲಿ, ಸರ್ ಅನ್ನುವವರಿದ್ದರು.

ಅಲ್ಲಿಗೆ ಹೋದ ಎರಡನೆಯ ವರ್ಷ ಅಪ್ಪ ತೀರಿಕೊಂಡ. ಅವರಲ್ಲಿ ಮಣ್ಣು ಅದೇ ದಿನ ಆಗಬೇಕು, ಇಲ್ಲಿಂದ ಹೊರಟರೂ ಮುಟ್ಟುವಂತಿರಲಿಲ್ಲ. ಫೋನು ಬಂದಾಗ ಎಜ್ರಾ ಸೇಡಂನ ಒಂದು ಫೋಟೊ ಸ್ಟುಡಿಯೊದ ಹಿಂದಿನ ಖೋಲಿಯಲ್ಲಿ ಸೀರೆ ಅಂಗಡಿಯ ಹಾಡು ರೆಕಾರ್ಡ್ ಮಾಡುತ್ತಿದ್ದ. ಫೋನು ಕೆಳಗಿಟ್ಟು ಹಾಡು ಮುಗಿಸಿಕೊಟ್ಟ. ಬೇರೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಅಂಗಡಿಯವರು “ಭಾಳ ಖುಷಿಲೆ ಹಾಡೀರಿ ಸರ” ಎಂದು ಬೆನ್ನು ತಟ್ಟಿದರು. ಆ ಆಟೊ ಇವತ್ತಿಗೂ ಚಿತ್ತಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅದನ್ನೇ ಒದರುತ್ತದೆ. ಅದು ಶಹಾಬಾದಕ್ಕೆ ಬಂದಾಗ ಅವನು ಚಹಾದಂಗಡಿಯ ಒಳಗೆ ಸರಿಯುತ್ತಾನೆ.

ಅಪ್ಪನ ವರ್ಷದ ದಿನ ಸಮೀಪಿಸಿದಾಗ ಅವ್ವ ಮಿಲ್ಕಾಬಾಯಿ ಫೋನಿನಲ್ಲಿ ನೇರವಾಗಿ ಕೇಳಿದಳು. ಅವರ ಮಾತು ಮರಾಠಿಯಲ್ಲಿ, ಆದರೆ ತಾಯಂದಿರು ಬಯ್ಯುವ ಧಾಟಿ ಎಲ್ಲ ಭಾಷೆಯಲ್ಲೂ ಒಂದೇ.

“ಪ್ರಾರ್ಥನಾ ಯೋಯೆಲ್ ಇಲ್ಲಿ ಮಾಡ್ತಾನ. ಅಪ್ಪನ ಹಾಡು ಯಾರು ಹಾಡವ್ರು? ಅವನ ಗಂಟಲು ನಿನಗ ಗೊತ್ತದ.”

“ನಾ ಹಾಡ್ತೀನಿ.”

“ನಿನಗ ಓ ಅನ್ನವ್ರು ಯಾರದಾರ ಅಲ್ಲಿ? ಗ್ವಾಡಿ ಅನ್ನತದೇನು?”

ಅವನಿಗೆ ರೇಗಿತು. “ಅನ್ನವ್ರು ಬೇಕಾದಷ್ಟು ಮಂದಿ ಅದಾರ.”

“ಹಂಗಾರ ಕೇಳಸು. ಆ ದಿನ ಫೋನ್ ಹಚ್ಚು. ನಿನ್ನ ಸಾಲಿಗೆ ಜವಾಬು ಬಂತಂದ್ರ ನಾ ಇನ್ನ ನಿನ್ನ ಇಲ್ಲಿಗೆ ಬಾ ಅನ್ನಂಗಿಲ್ಲ. ಬರ್ಲಿಲ್ಲಂದ್ರ ಗಂಟು ಕಟ್ಟು.”

“ಆಯ್ತು,” ಎಂದುಬಿಟ್ಟ ಎಜ್ರಾ. ಫೋನು ಇಟ್ಟ ಮೇಲೆ ಆ ಬೇಕಾದಷ್ಟು ಮಂದಿ ಯಾರೆಂದು ಯೋಚಿಸಿದ.

ಇದ್ದದ್ದು ದೇವೀಂದ್ರಪ್ಪನ ಭಜನಾ ಮಂಡಳಿ ಒಂದೇ. ದೇವೀಂದ್ರಪ್ಪನ ಹಿರಿಯರು ಕಾಗಿಣಾ ನದಿಯಲ್ಲಿ ಜನರನ್ನು ದಾಟಿಸುತ್ತಿದ್ದವರು. ಅವನು ಕಲ್ಲು ಹೇರುವ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಸೋಮವಾರ ಸಂಜೆ ಗುಡಿಯ ಕಟ್ಟೆಯ ಮೇಲೆ ಭಜನೆ. ಅವರ ಪೆಟ್ಟಿಗೆ ಬಾರಿಸುವವನು ಮಗಳ ಊರಿಗೆ ಹೋಗಿ ನಿಂತ ಮೇಲೆ ಎಜ್ರಾ ಹಾರ್ಮೋನಿಯಂಗೆ ಸೇರಿಕೊಂಡಿದ್ದ. ಬಾರಿಸುತ್ತಿದ್ದ ಅಷ್ಟೇ. ಹಾಡುತ್ತಿರಲಿಲ್ಲ. ಢೋಲಕಿಗೆ ಕಲ್ಲು ಪಾಲಿಶ್ ಮಶೀನು ನಡೆಸುವ ಮಶಾಕ. ಉಳಿದ ಎಂಟು ಹತ್ತು ಮಂದಿಯ ಕೈಯಲ್ಲಿ ತಾಳ.

ಅಪ್ಪನ ಹಾಡು ಎಂದಾಗ ದೇವೀಂದ್ರಪ್ಪ ಎರಡು ಮಾತು ಆಡಲಿಲ್ಲ. “ನಿಮ್ಮ ತಂದಿದು ಅಂದಮ್ಯಾಲ ಕೇಳೋದೇನದ ಸರ, ಹಾಡೂಣು.”

ಎಜ್ರಾ ಹಾಡನ್ನು ಕನ್ನಡಕ್ಕೆ ತಂದು ಕೂಡಿಸಿದ. ಮೊದಲ ಸೋಮವಾರ ಅವನು ಎತ್ತಿದ, “ಎಲ್ಲಿಗಂಟ ಬಂದೀ, ಎಲಿಯಾಹು?”

ಮಂಡಳಿ ತಾಳ ಕುಟ್ಟಿ ಒಂದೇ ದನಿಯಲ್ಲಿ ಎತ್ತಿತು, “ಎಲ್ಲಿಗಂಟ ಬಂದೀ, ಎಲಿಯಾಹು?”

“ಅಲ್ರಿ, ಅದು ನಂದು. ನೀವು ಜವಾಬು ಹೇಳಬೇಕು.”

“ಹೌದೇನ್ರಿ? ಹಾಡ್ರಿ ಮತ್ತ.”

ಅವನು ಮತ್ತೆ ಕೇಳಿದ. ಅವರು ಮತ್ತೆ ಅದನ್ನೇ ಕೇಳಿದರು. ತಲೆತಲಾಂತರದಿಂದ ಅವರ ಭಜನೆ ನಡೆದದ್ದೇ ಹಾಗೆ. ಮುಂದಿನವನು ಒಂದು ಸಾಲು ಹೇಳುತ್ತಾನೆ, ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಅದು ಪ್ರಶ್ನೆಯೋ ಉತ್ತರವೋ ಎಂದು ನೋಡುವ ಪದ್ಧತಿ ಇಲ್ಲ. ಎಜ್ರಾ ಜವಾಬಿನ ಸಾಲನ್ನು ಹಾರ್ಮೋನಿಯಂ ಮೇಲೆ ಬಾರಿಸಿ ತೋರಿಸಿದ. “ಚಲೋ ಅದ, ಚಲೋ ಅದ” ಎಂದು ತಲೆದೂಗಿದರು. ಚೀಟಿಯಲ್ಲಿ ಬರೆದು ಒಬ್ಬೊಬ್ಬರಿಗೂ ಕೊಟ್ಟ. ಭಕ್ತಿಯಿಂದ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಹಾಡಲು ಕುಳಿತರೆ ಮತ್ತೆ ಎಲ್ಲರೂ ಕೂಡಿ ಪ್ರವಾದಿಯನ್ನೇ ಕೇಳಿದರು. ಮೂರು ಸೋಮವಾರ ಕಳೆದವು. ಇಷ್ಟು ಮಂದಿ ಇಷ್ಟು ಜೋರಾಗಿ ಕೇಳಿದರೂ ಎಲಿಯಾಹು ಎಲ್ಲಿಯವರೆಗೆ ಬಂದ ಎಂಬುದು ಶಹಾಬಾದದಲ್ಲಿ ಯಾರಿಗೂ ತಿಳಿಯಲಿಲ್ಲ.

ಇವರಿಗೆ ತಲೆಗೆ ಹೋಗುತ್ತಿಲ್ಲ ಎಂದುಕೊಂಡ ಎಜ್ರಾ. ಜವಾಬಿನ ಸಾಲನ್ನು ಒಮ್ಮೆಯಾದರೂ ಬಾಯಿಬಿಟ್ಟು ಹಾಡಿ ತೋರಿಸಬಹುದಿತ್ತು. ಪ್ರತಿ ಸಲವೂ ಅಲ್ಲಿಗೆ ಬಂದಾಗ ಬೆರಳುಗಳು ಹಾರ್ಮೋನಿಯಂನ ಮನೆಗಳ ಮೇಲೆ ಓಡುತ್ತಿದ್ದವು, ಬಾಯಿ ಮುಚ್ಚಿಕೊಳ್ಳುತ್ತಿತ್ತು. ಕಲ್ಲಿನ ಧೂಳಿಗೆ ಗಂಟಲು ಹಿಡಿದಿದೆ ಎಂದು ತನಗೆ ತಾನೇ ಹೇಳಿಕೊಂಡ. ಅದೇ ಗಂಟಲಲ್ಲಿ ಶಾಲೆಯಲ್ಲಿ ದಿನವೂ ಕಿರುಚುತ್ತಿದ್ದ.

ವರ್ಷದ ದಿನ ಭಾನುವಾರ ಬಂತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಂಡಳಿಯವರು ಕೈಕಾಲು ತೊಳೆದು, ಬಿಳಿ ಧೂಳು ಝಾಡಿಸಿ, ಸೈದಾನಬಿಯ ಅಂಗಳದಲ್ಲಿ ಹಾಸಿದ ಜಮಖಾನೆಯ ಮೇಲೆ ಕುಳಿತರು. ಎಜ್ರಾ ಅವಲಕ್ಕಿಯ ತಾಟು ತಂದಿಟ್ಟ. ಅಷ್ಟರಲ್ಲಿ ಸೈದಾನಬಿ ಇನ್ನೊಂದು ದೊಡ್ಡ ತಾಟು ತಂದಳು. ಮೊಹರಮ್ಮಿಗೆ ಮಾಡುವ ಹಾಗೆ ಚಪಾತಿ ಮುರಿದು, ಬೆಲ್ಲ ತುಪ್ಪ ಹಾಕಿ ಕಲಸಿದ್ದು.

“ಮಲೀದಾ ಅಂದ್ರಿ, ಮುಂಜಾನಿಂದ ಮಾಡ್ಲಿಕತ್ತೀನಿ.” ಅವನ ತಾಟು ನೋಡಿ ಮೂಗಿನ ಮೇಲೆ ಬೆರಳಿಟ್ಟಳು. “ಇದೇನು ಬೇಟಾ? ಫಳಾರ ಮಾಡೀರಿ?”

ಎರಡು ತಾಟೂ ಒಂದರ ಪಕ್ಕ ಒಂದು ಕುಳಿತವು. ಫೋನನ್ನು ಹಾರ್ಮೋನಿಯಂಗೆ ಆನಿಸಿ ನಿಲ್ಲಿಸಿದ. ತೆರೆಯಲ್ಲಿ ಅವ್ವ, ಹಿಂದೆ ಯೋಯೆಲ್‌ನ ಅಡುಗೆಮನೆ. ಮಂಡಳಿಯವರು ಒಬ್ಬೊಬ್ಬರಾಗಿ ಬಗ್ಗಿ “ನಮಸ್ಕಾರ್ರಿ ತಾಯಿ” ಎಂದರು. ಅವ್ವ ಎಲ್ಲರಿಗೂ ಕೈ ಮುಗಿದಳು.

ಎಜ್ರಾ ಎತ್ತಿದ, “ಎಲ್ಲಿಗಂಟ ಬಂದೀ, ಎಲಿಯಾಹು?”

“ಎಲ್ಲಿಗಂಟ ಬಂದೀ, ಎಲಿಯಾಹು?” ಎಂದಿತು ಮಂಡಳಿ.

ಅವನು ಜವಾಬಿನ ಸ್ವರ ಬಾರಿಸಿ ಹುಬ್ಬು ಹಾರಿಸಿದ. ಒಬ್ಬಿಬ್ಬರಿಗೆ ಚೀಟಿ ನೆನಪಾಗಿ ಕಿಸೆ ತಡಕಾಡಿದರು. ಚೀಟಿ ಬೇರೆ ಅಂಗಿಯಲ್ಲಿತ್ತು. ಮಶಾಕನ ಢೋಲಕಿ ಮಾತ್ರ ಒಂಟಿಯಾಗಿ ಓಡುತ್ತಿತ್ತು. ತಪ್ಪಾಯಿತೆಂದು ತಿಳಿದ ಮಂಡಳಿ ಅದನ್ನು ಸರಿಪಡಿಸಲು ಮೊದಲಿಗಿಂತ ಜೋರಾಗಿ ಕೇಳಿತು, “ಎಲ್ಲಿಗಂಟ ಬಂದೀ, ಎಲಿಯಾಹು?” ಇನ್ನೊಂದು ಸುತ್ತು, ಇನ್ನೂ ಜೋರು. ಓಣಿಯ ನಾಯಿಗಳು ಓ ಅಂದವು.

ಕನ್ನಡ ಬಾರದಿದ್ದರೂ ಧಾಟಿ ಬಲ್ಲ ಅವ್ವನ ದನಿ ಫೋನಿನಿಂದ ಬಂತು. “ಎಲ್ಲಾರೂ ಕೇಳಲಿಕತ್ತಾರಲ್ಲೋ. ಹೇಳವ್ರು ಎಲ್ಲದಾರ?”

ಎಜ್ರಾ ಹಾರ್ಮೋನಿಯಂನ ಬಾಯಿ ಮುಚ್ಚಿದ. ಶಾಲೆಗೆ ಏನು ಹೇಳಬೇಕು, ಎರಡು ಖೋಲಿಯಲ್ಲಿ ಕಟ್ಟಬೇಕಾದ ಗಂಟು ಎಷ್ಟಾದೀತು ಎಂದು ಅವನ ತಲೆ ಆಗಲೇ ಹೊರಟಿತ್ತು. ಗಂಟು ಬಹಳ ಸಣ್ಣದಾಗಿತ್ತು. ಅದು ಇನ್ನಷ್ಟು ನೋಯಿಸಿತು.

“ಒಂದು ಮಾತು ಕೇಳ್ಲೇನ್ರಿ ಸರ?” ಎಂದ ದೇವೀಂದ್ರಪ್ಪ, ತಾಳ ಕೆಳಗಿಟ್ಟು. “ಸಿಟ್ಟಿಗೇಳಬ್ಯಾಡ್ರಿ. ಆ ಜವಾಬು ನೀವು ಒಮ್ಮೆರ ಹಾಡೀರೇನು? ಚೀಟಿ ಕೊಟ್ರಿ, ಪೆಟ್ಟಿಗಿ ಬಾರಿಸಿದ್ರಿ. ಬಾಯಾಗಿಂದ ಬರ್ಲಿಲ್ಲಂದ್ರ ನಾವು ಏನು ಹಿಡೀಬೇಕ್ರಿ?”

“ಅದು ನನಗ ಬರಲ್ರಿ.”

“ಬೆರಳಿಗಿ ಬರ್ತದ, ಬಾಯಿಗಿ ಬರಲ್ಲೇನು?”

“ಅದು ನಮ್ಮಪ್ಪಂದ್ರಿ. ನಾ ಹಾಡಂಗಿಲ್ಲ.”

ಮಶಾಕ ಢೋಲಕಿಯ ಹಗ್ಗ ಬಿಗಿಯುತ್ತ ತಲೆ ಎತ್ತದೆ ಹೇಳಿದ, “ಅಪ್ಪಂದು ಅಂದ್ರ ಹೊಲ ಏನ್ರಿ ಸರ? ಪಾಲು ವಾಟ್ನಿ ಆಗೂ ತನಕ ಬಿತ್ತಂಗಿಲ್ಲ ಅನ್ಲಿಕ್ಕ?”

ಮೊದಲು ನಕ್ಕವಳು ಸೈದಾನಬಿ. ಆಮೇಲೆ ಅಂಗಳವೆಲ್ಲ ನಕ್ಕಿತು. ಎಜ್ರಾನೂ ನಕ್ಕ. ಅವ್ವನಿಗೆ ಮಾತು ತಿಳಿಯಲಿಲ್ಲ, ನಗು ತಿಳಿಯಿತು. ಆಕೆ ಎಲ್ಲರ ಮುಖ ನೋಡಿದಳು. ನಂತರ, ಮಗನ ಮುಂದೆ ಎಂದೂ ಹಾಡದಿದ್ದ ಹೆಂಗಸು, ಮಗುವಿನ ಸಾಲನ್ನು ತಾನೇ ಮರಾಠಿಯಲ್ಲಿ ಎತ್ತಿದಳು. ಸಣ್ಣ ದನಿ, ಅಷ್ಟು ದೂರದಿಂದ ತಡೆದು ತಡೆದು ಬರುತ್ತಿತ್ತು.

“ಕುಠವರ ಆಲಾಸ, ಎಲಿಯಾಹು?”

ಮಂಡಳಿಗೆ ಮುಂದಾಳು ಸಿಕ್ಕರೆ ಸಾಕು. “ಕುಠವರ ಆಲಾಸ, ಎಲಿಯಾಹು?” ಎಂದು ಅದನ್ನೂ ಎತ್ತಿಕೊಂಡರು. ಆಮೇಲೆ ಹಾಡಿನಲ್ಲಿ ಜಾಗ ಖಾಲಿಯಾಯಿತು. ಎಲ್ಲರೂ ಎಜ್ರಾನನ್ನು ನೋಡಿದರು.

ಅವನು ಬಾಯಿ ತೆರೆದ. “ದಾರಾಪರ್ಯಂತ ಆಲೋ, ದಿವಾ ದಾಖವ.” ಎತ್ತಿದ್ದು ತೀರ ಕೆಳಗೆ, ನಡುವೆ ದನಿ ಒಡೆಯಿತು. ಸಂಗೀತದ ಮಾಸ್ತರನಿಗೆ ನಾಚಿಕೆಯಾಗುವಂತಿತ್ತು. ಆದರೆ ಸಾಲು ಮುಗಿಯುವ ಮೊದಲೇ ಹಿಂದಿನಿಂದ ಹತ್ತು ದನಿ ಅದನ್ನು ಎತ್ತಿ ಹಿಡಿದವು. ಬಾಗಿಲಿಗಂಟ ಬಂದೀನಿ, ದೀಪ ತೋರಿಸು. ಆ ಸಾಲಿನ ಮರಾಠಿಯನ್ನು ತಮ್ಮ ನಾಲಗೆಗೆ ಬೇಕಾದಂತೆ ಮುರಿದು, ತಾಳಕ್ಕೆ ಹೊಡೆದು, ಮತ್ತೆ ಮತ್ತೆ. ಅವ್ವ ಕೇಳಿದಳು, ಅವರು ಕೇಳಿದರು. ಎಜ್ರಾ ಹೇಳಿದ, ಅವರು ಹೇಳಿದರು. ರಾಗ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಅಪ್ಪ ಇದ್ದಾಗ ಹಾಡು ಇಷ್ಟು ಗದ್ದಲವಾಗಿರಲಿಲ್ಲ. ಇಷ್ಟು ಉದ್ದವೂ ಇರಲಿಲ್ಲ, ಏಕೆಂದರೆ ಭಜನೆಯವರಿಗೆ ನಿಲ್ಲಿಸುವುದು ಗೊತ್ತಿರಲಿಲ್ಲ.

ಮಂಡಳಿಯವರು ಎರಡೂ ತಾಟು ಖಾಲಿ ಮಾಡಿ, ಚಪಾತಿಯ ಮಲೀದಾವೇ ಒಂದು ಕೈ ಮೇಲೆಂದು ತೀರ್ಪು ಕೊಟ್ಟು ಎದ್ದರು. “ಬರ್ತೀವ್ರಿ ತಾಯಿ,” ಎಂದು ಫೋನಿಗೂ ಹೇಳಿ ಹೋದರು. ಸೈದಾನಬಿ ಜಮಖಾನೆ ಝಾಡಿಸಿ ಒಯ್ದಳು. ಎಜ್ರಾ ಫೋನು ಹಿಡಿದು ಒಳಗೆ ಬಂದ.

“ಓ ಅಂದ್ರು,” ಎಂದಳು ಅವ್ವ.

“ಹೂಂ.”

“ಚಲೋ ಮಂದಿ. ಮಾತಂದ್ರ ಮಾತು. ಇನ್ನ ನಾ ನಿನ್ನ ಬಾ ಅನ್ನಂಗಿಲ್ಲ.”

ಇದೇ ಮಾತಿಗೆ ಅವನು ಕಾದಿದ್ದ. ಗೆದ್ದೆ ಎಂದು ನಗಬೇಕೆಂದುಕೊಂಡ. “ಯೋಯೆಲ್ ಎಲ್ಲಿ?” ಎಂದು ಕೇಳಿದ.

“ಕೆಲಸಕ್ಕ ಹೋಗ್ಯಾನ. ಇಲ್ಲಿ ಐತವಾರ ಸೂಟಿ ಇರಲ್ಲ.”

“ಮನ್ಯಾಗ ಮತ್ಯಾರದಾರ?”

“ನಾ ಅದೀನಲ್ಲ.”

ಆ ಊರಿನಲ್ಲಿ ಮರಾಠಿ ಹಾಡಿಗೆ ಓ ಅನ್ನುವವರು ಎಷ್ಟು ಮಂದಿ ಎಂದು ಅವನು ಎಂದೂ ಕೇಳಿರಲಿಲ್ಲ. ಈಗ ಕೇಳಲು ಧೈರ್ಯ ಬರಲಿಲ್ಲ. ಒಂದು ಸಲ, ಕಡೆಯ ಸಲ, ಬಾ ಅಂದಿದ್ದರೆ ಏನಾಗುತ್ತಿತ್ತೋ. ಆಕೆ ಅನ್ನಲಿಲ್ಲ. ಹಸ್ಕೇಲಜಿಯ ಹೆಂಡತಿ, ಕೊಟ್ಟ ಮಾತಿಗೆ ತಪ್ಪುವವಳಲ್ಲ.

ವರ್ಷವಿಡೀ ಅವರ ಮಾತುಕತೆ ಮುಗಿಯುತ್ತಿದ್ದದ್ದು ಒಂದೇ ರೀತಿ. ಆಕೆ “ಬಾ” ಅನ್ನುವಳು, ಅವನು “ನೋಡೂಣು” ಅನ್ನುವನು, ಆಕೆ ಸಿಟ್ಟಿನಿಂದ ಫೋನು ಇಡುವಳು. ಇವತ್ತು ಹೇಗೆ ಮುಗಿಸಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಉಂಡೆಯಾ, ಮಳೆ ಬಂತಾ, ಶಾಲೆಯಲ್ಲಿ ಎಲ್ಲ ಆರಾಮಾ ಎಂದು ಕೇಳಬಹುದಾದದ್ದನ್ನೆಲ್ಲ ಆಕೆ ಕೇಳಿ ಮುಗಿಸಿದಳು. ಆಮೇಲೆ, “ಭಾಂಡಿ ಬಿದ್ದಾವ,” ಎಂದು ಫೋನನ್ನು ಅಡುಗೆಕಟ್ಟೆಯ ಮೇಲೆ ಎಲ್ಲೋ ಆನಿಸಿ ನಿಲ್ಲಿಸಿ ನಳ ಬಿಟ್ಟಳು. ಕರೆ ಕಡಿಯಲಿಲ್ಲ. ತೆರೆಯಲ್ಲಿ ಒಂದು ಮೊಣಕೈ ಮಾತ್ರ ಕಾಣುತ್ತಿತ್ತು, ನೀರು ಬೀಳುವ ಸಪ್ಪಳ ಬರುತ್ತಿತ್ತು. ಎಜ್ರಾ ತಣ್ಣನೆಯ ಕಲ್ಲಿನ ಮೇಲೆ ಕುಳಿತು, ಆಕೆ ಒಂದೊಂದೇ ಪಾತ್ರೆ ತೊಳೆದು ಬೋರಲು ಹಾಕುವುದನ್ನು ಕೇಳುತ್ತಿದ್ದ.